ಬಿಂಬುಳಿ ಜ್ಯೂಸೂ ವಸಂತಣ್ಣನ ಕಿಡ್ನಿಯೂ

ಹೋದ ಆದಿತ್ಯವಾರ ಮಳೆ ಸ್ವಲ್ಪ ಬಿಡುವು ಕೊಟ್ಟದ್ದೇ ತಡ, ನಾವೆಲ್ಲ ಮಂಗಳೂರಿನ ಬಿಜೈಯ ವಸಂತಣ್ಣನ ಜಗಲಿಯಲ್ಲಿ ಹಾಜರ್. ಕಾರಣ ಎಂತ ಇಲ್ಲ, ಸುಮತಿಯಕ್ಕ ಗೋಳಿಬಜೆ ಮಾಡ್ತಾರೆ ಅಂತ ವಿಲ್ಫಿಗೆ ಹೇಗೋ ವಾಸನೆ ಸಿಕ್ಕಿತ್ತು. ಅವನ ಮೂಗು ಹಾಗೆಯೇ, ನಂತೂರಲ್ಲಿ ನಿಂತು ಬಿಜೈಯ ಬಾಣಲೆಯಲ್ಲಿ ಎಂತ ಉಂಟು ಅಂತ ಹೇಳ್ತಾನೆ.

ಹೋಗಿ ಕೂತ್ರೆ ಬಜೆಗಿಂತ ಮೊದಲು ಬಂದದ್ದು ಎರಡು ಬಾಟ್ಲಿ. ಹಳೇ ಸ್ಕ್ವಾಶಿನ ಬಾಟ್ಲಿ, ಒಳಗೆ ತಿಳಿಹಸಿರು ನೀರು, ಅಡಿಯಲ್ಲಿ ಎರಡು ಬೆರಳು ಗಸಿ.

"ಇದೆಂತದು ವಸಂತಣ್ಣ, ಫಿನಾಯಿಲಾ?" ಅಂತ ಅಶ್ರಫ್ ಕೇಳಿದ.

"ಬಿಂಬುಳಿ ಜ್ಯೂಸ್ ಮಾರಾಯ. ನಂಗೆ ಎಲ್‌ಡಿಎಲ್, ಅದೇ ಕೆಟ್ಟ ಕೊಲೆಸ್ಟ್ರಾಲ್, 172 ಬಂದಿದೆ. ಡಾಕ್ಟ್ರು ಮಾತ್ರೆ ಬರ್ದಿದ್ದಾರೆ, ಆದ್ರೆ ಮಾತ್ರೆ ಅಂದ್ರೆ ಸೈಡ್ ಎಫೆಕ್ಟ್ ಅಲ್ವಾ, ಇದಾದ್ರೆ ನ್ಯಾಚುರಲ್. ದುಬೈಯಿಂದ ಬಾವನ ಮಗ ವಾಟ್ಸಾಪ್ ಕಳ್ಸಿದ, ಖಾಲಿ ಹೊಟ್ಟೆಗೆ ದಿನಕ್ಕೊಂದು ಗ್ಲಾಸು, 21 ದಿನ, ಕೊಲೆಸ್ಟ್ರಾಲ್ ಕರಗಿ ನೀರು."

"ಬಾವನ ಮಗ ಎಂತ, ಡಾಕ್ಟ್ರಾ?"

"ಅಲ್ಲ, ಎಸಿ ಮೆಕ್ಯಾನಿಕ್."

"ಹಾಗಾದ್ರೆ ಸರಿ," ಅಂದ ವಿಲ್ಫಿ, "ಪೈಪಲ್ಲಿ ಕಟ್ಟಿದ್ದನ್ನ ಹೇಗೆ ಬಿಡಿಸುದು ಅಂತ ಅವನಿಗೆ ಗೊತ್ತಿರ್ತದೆ."

ಈ ಬಿಂಬುಳಿ ಮರದ ಬಗ್ಗೆ ಘಟ್ಟದ ಮೇಲಿನವರಿಗೆ ಒಂದು ಮಾತು ಹೇಳ್ಬೇಕು. ವಸಂತಣ್ಣನ ಬಾವಿಕಟ್ಟೆ ಹತ್ರ ಒಂದುಂಟು. ಬೇರೆ ಮರಗಳೆಲ್ಲ ಮರ್ಯಾದೆಯಲ್ಲಿ ಗೆಲ್ಲಿನ ತುದಿಗೆ ಕಾಯಿ ಬಿಟ್ರೆ ಇದು ಕಾಂಡಕ್ಕೇ ಗೊಂಚಲು ಗೊಂಚಲು ಅಂಟಿಸ್ಕೊಂಡು ನಿಲ್ತದೆ, ಬೆರಳುದ್ದದ ಎಳೇ ಸೌತೆಮರಿಗಳ ಹಾಗೆ, ಹುಳಿ ಅಂದ್ರೆ ನೋಡಿದ್ರೇ ಹಲ್ಲು ಜುಂ ಅನ್ನುವ ಹುಳಿ. ಬಿಡ್ಲಿಕ್ಕೆ ಶುರುವಾಯ್ತು ಅಂದ್ರೆ ನಿಲ್ಲುದಿಲ್ಲ, ಮೀನಿಗೆ ಹಾಕಿ, ಉಪ್ಪಿನಕಾಯಿ ಹಾಕಿ, ಚಟ್ನಿ ಮಾಡಿ, ಆಮೇಲೂ ಬುಟ್ಟಿ ಬುಟ್ಟಿ ಉಳೀತದೆ, ಬಿಂಬುಳಿ ಮರ ಇದ್ದವರು ಕೈಯಲ್ಲಿ ಚೀಲ ಹಿಡ್ಕೊಂಡು ಬಂದ್ರೆ ನೆರೆಕರೆಯವರು ಒಳಗಿಂದ ಚಿಲಕ ಹಾಕ್ತಾರೆ. ಅಂಥಾ ಮರಕ್ಕೆ ಔಷಧದ ಪಟ್ಟ ಸಿಕ್ಕಿದ್ರೆ ಯಜಮಾನನಿಗೆ ಖುಷಿಯಾಗದೆ ಇರ್ತದಾ, ವಸಂತಣ್ಣನ ಮುಖದಲ್ಲಿ ಲಾಟರಿ ಹೊಡೆದ ಕಳೆ ಇತ್ತು.

ಅಲ್ಲಿವರೆಗೆ ಶೈಲಕ್ಕ ಮಾತಾಡ್ಲಿಲ್ಲ. ಶೈಲಕ್ಕ ಅಂದ್ರೆ ಮೂವತ್ತು ವರ್ಷ ಲ್ಯಾಬಲ್ಲಿ ಊರವರ ಮೂತ್ರ ಮೈಕ್ರೋಸ್ಕೋಪಲ್ಲಿ ನೋಡಿ ರಿಟೈರ್ ಆದವರು, ಹಾಗಾಗಿ ಮನುಷ್ಯರ ಮೇಲೆ ಅವರಿಗೆ ದೊಡ್ಡ ಭ್ರಮೆ ಎಂತ ಇಲ್ಲ.

"ಕುಡಿಯಲಿಕ್ಕೆ ಶುರು ಮಾಡಿ ಎಷ್ಟು ದಿನ ಆಯ್ತು?" ಅಂತ ಕೇಳಿದ್ರು.

"ಎರಡು ದಿನ ಶೈಲಕ್ಕ. ಅರ್ಧರ್ಧ ಗ್ಲಾಸು. ಮಾರಾಯ್ರೆ ಎಂತ ಹುಳಿ, ಬಾಯಿಗೆ ಇಟ್ಟ ಕೂಡ್ಲೇ ಕಣ್ಣು ತನ್ನಷ್ಟಕ್ಕೆ ಮುಚ್ಚಿಕೊಳ್ತದೆ."

"21 ದಿನ ಕುಡಿ, ಪೂರ್ತಿ ಮುಚ್ಚಿಕೊಳ್ತದೆ."

ಜಗಲಿ ಗಪ್ಪಾಯ್ತು. ಒಳಗಿಂದ ಬಜೆ ಎಣ್ಣೆಗೆ ಬೀಳುವ ಶಬ್ದ ಮಾತ್ರ.

ಶೈಲಕ್ಕ ಹೇಳಿದ್ದು ಇಷ್ಟು. ಇದು ಎಲ್ಲೋ ಅಮೆರಿಕದ ಕತೆ ಅಲ್ಲ, ತಲಪಾಡಿ ಗೇಟು ದಾಟಿದ್ರೆ ಸಿಗುವ ಕೇರಳದ್ದು. ಅಲ್ಲಿ ಇದಕ್ಕೆ ಇರುಂಬನ್ ಪುಳಿ ಅಂತಾರೆ, ಸಿಗಡಿಗೆ ಹಾಕ್ತಾರಂತ ಚೆಮ್ಮೀನ್ ಪುಳಿ ಅಂತಲೂ ಹೇಳ್ತಾರೆ. ಅಲ್ಲಿಯೂ ಜನ ಹೀಗೇ ಕೊಲೆಸ್ಟ್ರಾಲ್ ಇಳಿಸ್ಲಿಕ್ಕೆ ಅಂತ ಜ್ಯೂಸ್ ಮಾಡಿ ಕುಡ್ದು ಕಿಡ್ನಿ ಫೇಲ್ ಮಾಡ್ಕೊಂಡು ಆಸ್ಪತ್ರೆಗೆ ಬಂದಿದ್ದಾರೆ. ಐದು ಆಸ್ಪತ್ರೆಗಳ ಹತ್ತು ಕೇಸು ಒಟ್ಟು ಮಾಡಿ ಡಾಕ್ಟ್ರುಗಳು 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ನೆಫ್ರಾಲಜಿಯಲ್ಲಿ ಬರ್ದಿದ್ದಾರೆ, ಆ ಹತ್ತರಲ್ಲಿ ಏಳು ಜನರಿಗೆ ಡಯಾಲಿಸಿಸ್ಸೇ ಮಾಡ್ಬೇಕಾಯ್ತು, ಉಳಿದ ಮೂವರು ಡಯಾಲಿಸಿಸ್ ಇಲ್ಲದೆ ಸುಧಾರಿಸಿದ್ರು.

"ಆದ್ರೆ ಕೊಲೆಸ್ಟ್ರಾಲ್ ಇಳೀತದೆ ಅಂತ ರಿಸರ್ಚ್ ಉಂಟಂತಲ್ಲ ಶೈಲಕ್ಕ, ಫಾರ್ವರ್ಡಲ್ಲಿ ಇತ್ತು," ವಸಂತಣ್ಣನ ದನಿ ಸ್ವಲ್ಪ ಇಳಿದಿತ್ತು.

"ಉಂಟು. ಇಲಿಗಳ ಮೇಲೆ."

"ಇಲಿಗೆ ಎಂತಕ್ಕೆ ಕೊಲೆಸ್ಟ್ರಾಲ್?" ಅಂತ ವಿಲ್ಫಿ. "ನಮ್ಮನೆ ಅಟ್ಟದಲ್ಲಿ ಇರುವವಕ್ಕೆ ಇರ್ಬಹುದು, ಕೊಬ್ಬರಿ ಇಡೀ ಅವೇ ತಿನ್ನುದು."

ಕಿಡ್ನಿ ಒಳಗೆ ಎಂತ ಆಗ್ತದೆ ಅಂತ ಅಶ್ರಫ್ ಕೇಳಿದ್ದಕ್ಕೆ ಶೈಲಕ್ಕ ಬಜೆ ತಟ್ಟೆ ಬದಿಗಿಟ್ಟು, ಸೋಫಾ ಅಡಿಯಿಂದ ಒಂದು ಹಳೇ ಅಂಚೆ ಲಕೋಟೆ ಎಳೆದು ತೋರಿಸಿದ್ರು. "ಇದನ್ನ ಹಿಂದೆ ತಿರುಗಿಸಿ ನೋಡಿ. ನಾಲ್ಕು ಮೂಲೆಯಿಂದ ಗೆರೆ ಬಂದು ಮಧ್ಯ ಸೇರ್ತದಲ್ಲ, ಮೈಕ್ರೋಸ್ಕೋಪಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳು ಇದೇ ಹೀಗೇ ಕಾಣುದು. ನಾನು ಇಂಥ ಕಾಗದ ಎಷ್ಟು ಸಾವಿರ ಓದಿದ್ದೇನೋ." ಬಿಂಬುಳಿಯ ಹುಳಿಯಲ್ಲಿ ಆಕ್ಸಾಲಿಕ್ ಆಸಿಡ್ ತುಂಬಾ ಉಂಟು, ಅದು ಹೊಟ್ಟೆಯಿಂದ ರಕ್ತಕ್ಕೆ ಹೋಗ್ತದೆ, ರಕ್ತದಿಂದ ಕಿಡ್ನಿಗೆ, ಅಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಹರಳಾಗಿ ಕಿಡ್ನಿಯ ಕೂದಲಿಗಿಂತ ಸಪೂರದ ಕೊಳವೆಗಳಲ್ಲಿ ಕೂತ್ಕೊಳ್ತದೆ. ದಿನಾ ಸ್ವಲ್ಪ ಸ್ವಲ್ಪ ಬರುದಾದ್ರೆ ಮೂತ್ರದಲ್ಲಿ ಹೊರಗೆ ಹೋಗ್ತದೆ, ಒಂದೇ ಸಲಕ್ಕೆ ಹೊಳೆಯ ಹಾಗೆ ಬಂದ್ರೆ ಹೋಗ್ಲಿಕ್ಕೆ ಜಾಗ ಎಲ್ಲುಂಟು.

"ಕೊಟ್ಟಾರ ಚೌಕಿ," ಅಂದೆ ನಾನು.

"ಅದೇ. ಜೂನಿನ ಮಳೆಗೆ ಕೊಟ್ಟಾರ ಚೌಕಿ."

ಅದರ ಮೇಲೆ ಯಾರಿಗೂ ವಿವರಣೆ ಬೇಕಾಗ್ಲಿಲ್ಲ, ನಾವು ಕುಡ್ಲದವರು.

"ಹಾಗಾದ್ರೆ ಕಲ್ಲು ಆಗ್ತದೆ, ಅಷ್ಟೇ ಅಲ್ವಾ? ನನ್ನ ತಮ್ಮನಿಗೆ ಎರಡು ಸಲ ಆಗಿದೆ," ಅಂದ ವಸಂತಣ್ಣ ಸ್ವಲ್ಪ ಧೈರ್ಯ ತಂದ್ಕೊಂಡು. ಶೈಲಕ್ಕ ತಲೆಯಾಡಿಸಿದ್ರು. ಕಲ್ಲೂ ಹೆಚ್ಚಿನದ್ದು ಇದೇ ಕ್ಯಾಲ್ಸಿಯಂ ಆಕ್ಸಲೇಟೇ, ಆದ್ರೆ ಕಲ್ಲು ಮರ್ಯಾದಸ್ಥ, ಬರುವಾಗ ಬೊಬ್ಬೆ ಹಾಕಿ ಹೇಳಿ ಬರ್ತದೆ, ಮನುಷ್ಯ ನೆಲಕ್ಕೆ ಬಿದ್ದು ಹೊರಳ್ತಾನೆ, ಇಡೀ ಓಣಿಗೆ ಗೊತ್ತಾಗ್ತದೆ. ಇದು ಹಾಗಲ್ಲ. ಓಕರಿಕೆ, ಹೊಟ್ಟೆಯೋ ಸೊಂಟವೋ ಸ್ವಲ್ಪ ನೋವು, ಮೂತ್ರ ಕಮ್ಮಿ, ಗ್ಯಾಸ್ಟ್ರಿಕ್ ಅಂತ ಸೋಡಾ ಕುಡ್ಕೊಂಡು ಕೂತ್ರೆ ಒಂದು ದಿನ ರಕ್ತ ಟೆಸ್ಟ್ ಮಾಡುವಾಗ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಸೋಸಿ ಬಿಸಾಡ್ಬೇಕಾದ ಕಸ, ಮೇಲೆ ಹೋಗಿ ಕೂತಿರ್ತದೆ. ಅದರಲ್ಲೂ ಖಾಲಿ ಹೊಟ್ಟೆಗೆ ಅಂತ ಬರ್ದಿದ್ದಾನಲ್ಲ ಮಹಾನುಭಾವ, ಅದು ಇನ್ನೂ ಕೆಟ್ಟದು, ಊಟದಲ್ಲಿ ಹಾಲು ಮೊಸರು ಇದ್ರೆ ಅದರ ಕ್ಯಾಲ್ಸಿಯಂ ಆಕ್ಸಲೇಟನ್ನ ಹೊಟ್ಟೆಯಲ್ಲೇ ಹಿಡ್ಕೊಂಡು ಕೆಳಗಿನ ದಾರಿಯಲ್ಲಿ ಕಳಿಸ್ತದೆ, ಖಾಲಿ ಹೊಟ್ಟೆಯಲ್ಲಿ ಹಿಡೀಲಿಕ್ಕೆ ಯಾರೂ ಇಲ್ಲ, ಸೀದಾ ರಕ್ತಕ್ಕೆ.

ಈಗ ವಿಲ್ಫಿಗೆ ತಳಮಳ ಶುರುವಾಯ್ತು. ಅವನ ತಾಯಿ ಬೂತಾಯಿ ಮೀನಿನ ಗಸಿಗೆ ಹುಣಸೆ ಹಾಕಿದ್ದನ್ನ ಅವನು ಹುಟ್ಟಿದ ಮೇಲೆ ನೋಡ್ಲಿಲ್ಲ, ಬರೀ ಬಿಂಬುಳಿ. "ಹಾಗಾದ್ರೆ ನಾನು ಸತ್ತು ಎಷ್ಟು ವರ್ಷ ಆಯ್ತು ಶೈಲಕ್ಕ?"

"ಒಂದು ಮಡಕೆ ಗಸಿಗೆ ಎಷ್ಟು ಹಾಕ್ತಾರೆ?"

"ಐದಾರು."

"ಉಣ್ಣುವವರು?"

"ಆರು ಜನ. ನಾನು ಎರಡು ಜನ ಅಂತ ಲೆಕ್ಕ, ಏಳು."

"ತಿನ್ನು. ಕಿಡ್ನಿ ಸರಿ ಇರುವವನಿಗೆ ಅದು ಎಂತದೂ ಅಲ್ಲ. ಗಸಿಯಲ್ಲಿ ಬಿದ್ದ ಬಿಂಬುಳಿ ಅಡಿಗೆ. ಹತ್ತಿಪ್ಪತ್ತು ಕಾಯಿ ಹಿಂಡಿ ಒಬ್ಬನೇ ಕುಡೀತಾನಲ್ಲ, ಅದು ಕೆಮಿಸ್ಟ್ರಿ."

ಪತ್ರೊಡೆ ವಿಷಯವೂ ಬಂತು, ಬಾರದೆ ಇರ್ತದಾ. ಕೆಸುವಿನ ಎಲೆ ಗಂಟಲು ತುರಿಸುದು ಯಾಕೆ, ಅದೇ ಕ್ಯಾಲ್ಸಿಯಂ ಆಕ್ಸಲೇಟೇ, ಆದ್ರೆ ಸೂಜಿ ಆಕಾರದ್ದು. ಅದಕ್ಕೆ ಅಜ್ಜಿಯಂದಿರು ಹಿಟ್ಟಿಗೆ ಹುಣಸೆಹುಳಿ ಕೈ ಬಿಚ್ಚಿ ಹಾಕಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುದು. ಕೆಸುವಿಗೆ ಒಂದು ಒಳ್ಳೇ ಗುಣ ಉಂಟು ಅಂತ ನನ್ನ ಅಭಿಪ್ರಾಯ, ಹಸಿ ತಿಂದ್ರೆ ಅಲ್ಲಿಯೇ ಗಂಟಲು ಹಿಡಿದು ಬುದ್ಧಿ ಹೇಳ್ತದೆ, ಕೆಸುವಿನ ಜ್ಯೂಸ್ ಕುಡಿಯಿರಿ ಅಂತ ಇವತ್ತಿನವರೆಗೆ ಯಾರೂ ಫಾರ್ವರ್ಡ್ ಕಳಿಸ್ಲಿಲ್ಲ.

ಅಷ್ಟರಲ್ಲಿ ಸುಮತಿಯಕ್ಕ ಚಾ ತಂದ್ರು. ಶೈಲಕ್ಕನಿಗೆ ಸುಮ್ಮನೆ ಕೂರ್ಲಿಕ್ಕೆ ಆಗುದಿಲ್ಲ. ಅಮೆರಿಕದ ಅರ್ಕನ್ಸಾದಲ್ಲಿ 56 ವರ್ಷದ ಒಬ್ಬ ಮನುಷ್ಯನ ಕಿಡ್ನಿ ಕೆಟ್ಟಿತ್ತಂತೆ, ಯಾಕೆ ಅಂತ ಹುಡುಕಿ ಹುಡುಕಿ ಕಡೆಗೆ ಗೊತ್ತಾದದ್ದು ಅವನು ದಿನಕ್ಕೆ 16 ಗ್ಲಾಸು ಐಸ್ ಟೀ ಕುಡೀತಿದ್ದ, ಹೆಚ್ಚು ಕಮ್ಮಿ ನಾಲ್ಕು ಲೀಟರ್, ಚಾದಲ್ಲಿಯೂ ಆಕ್ಸಲೇಟ್ ಉಂಟಲ್ಲ. 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. ವಿಲ್ಫಿಯ ಗ್ಲಾಸು ತುಟಿ ಹತ್ರವೇ ನಿಂತಿತು. ಅದು ಅವನ ಆ ದಿನದ ಆರನೆಯದ್ದು.

"ಕುಡಿ ಮಾರಾಯ, ನಿಂದು ಹಾಲು ಹಾಕಿದ್ದು. ಸಕ್ಕರೆ ನೋಡಿದ್ರೆ ಕಿಡ್ನಿಗಿಂತ ಮೊದಲು ಬೇರೆ ಎಂತಾದ್ರೂ ಹೋಗ್ತದೆ."

ಆದ್ರೆ ಬಿಂಬುಳಿಗಿಂತ ದೊಡ್ಡ ಕಳ್ಳ ಅದರ ಅಣ್ಣ, ದಾರೆಹುಳಿ. ನಗರದ ಫ್ರೂಟ್ ಅಂಗಡಿಯಲ್ಲಿ ಸ್ಟಾರ್ ಫ್ರೂಟ್ ಅಂತ ಪ್ಲಾಸ್ಟಿಕ್ ಸುತ್ತಿ ಇಟ್ಟಿರ್ತಾರಲ್ಲ ಅದೇ, ನಾವು ಶಾಲೆ ಗೇಟಿನ ಹತ್ರ ಉಪ್ಪು ಮೆಣಸಿನಹುಡಿಗೆ ಅದ್ದಿ ತಿಂತಾ ಇದ್ದದ್ದು. ಅಡ್ಡ ಕೊಯ್ದ್ರೆ ನಕ್ಷತ್ರ. ಅದರಲ್ಲಿ ಆಕ್ಸಲೇಟು ಉಂಟು, ಸಿಹಿ ಜಾತಿಗಿಂತ ಹುಳಿ ಜಾತಿಯಲ್ಲಿ ಜಾಸ್ತಿ, ಸಾಲದ್ದಕ್ಕೆ ಇನ್ನೊಂದು ವಿಷವೂ ಉಂಟು. ಈ ಭಾಗ ಹೇಳಿದ್ದು ಅಶ್ರಫ್. ಅವನ ಮಾವ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗ್ತಾರೆ, ಅವನೇ ಕರ್ಕೊಂಡು ಹೋಗುದು.

"ಅಲ್ಲಿ ಒಬ್ರು ಸಿಸ್ಟರ್ ಇದ್ದಾರೆ, ಯಾರಿಗಾದ್ರೂ ಬಿಕ್ಕಳಿಕೆ ಬಂದು ನಿಲ್ಲದಿದ್ರೆ ನೀರು ಕೊಡುದಲ್ಲ, ಮೊದಲು ಕೇಳುದು ದಾರೆಹುಳಿ ತಿಂದ್ರಾ ಅಂತ. ನಂಗೆ ಮೊದಲು ನಗು ಬಂತು. ಮತ್ತೆ ಹೇಳಿದ್ರು, ನಮ್ಮ ಕಿಡ್ನಿಯಾದ್ರೆ ಆ ವಿಷವನ್ನ ಸೋಸಿ ಬಿಸಾಡ್ತದೆ, ಇವರದ್ದು ಸೋಸುದಿಲ್ಲ, ಅದು ರಕ್ತದಲ್ಲೇ ಉಳಿದು ತಲೆಗೆ ಹತ್ತುದು. ಮೊದಲು ಬಿಕ್ಕಳಿಕೆ, ಮತ್ತೆ ವಾಂತಿ, ಮತ್ತೆ ಮಾತು ಅಡ್ಡಾದಿಡ್ಡಿ, ಮತ್ತೆ ಫಿಟ್ಸು. ಸತ್ತವರೂ ಇದ್ದಾರೆ. ಒಂದೇ ಹಣ್ಣು ಸಾಕಂತೆ."

ಆ ವಿಷದ ಹೆಸರು ಕ್ಯಾರಂಬಾಕ್ಸಿನ್, ಬ್ರೆಜಿಲ್‌ನವರು ಹುಡುಕಿ 2013ರಲ್ಲಿ ಪ್ರಕಟ ಮಾಡಿದ್ದು ಅಂತ ಶೈಲಕ್ಕ ಸೇರಿಸಿದ್ರು. ಬ್ರೆಜಿಲ್‌ನಲ್ಲಿ ನಮ್ಮಲ್ಲಿಯ ಹಾಗೇ ಹಿತ್ತಲಲ್ಲಿ ಬಿಡ್ತದಲ್ಲ, ಅಲ್ಲಿಯ ಡಯಾಲಿಸಿಸ್ ಪೇಷೆಂಟುಗಳಿಗೆ ಬಿಕ್ಕಳಿಕೆ ಬಂದದ್ದರಿಂದಲೇ ಡಾಕ್ಟ್ರುಗಳಿಗೆ ಇದರ ಮೇಲೆ ಸಂಶಯ ಬಂದದ್ದು. ಹಾಗೆ ಬಂದವರಿಗೆ ಮಾಡುವ ಚಿಕಿತ್ಸೆಯೂ ಡಯಾಲಿಸಿಸ್ಸೇ, ತಡ ಮಾಡ್ಲಿಕ್ಕಿಲ್ಲ.

"ಪಾಪ ಮಾವ," ಅಂದ ಅಶ್ರಫ್, "ಪೊಟ್ಯಾಶಿಯಂ ಅಂತ ಎಳನೀರೂ ಬಂದ್. ಹಿತ್ತಲಲ್ಲಿ ನಲ್ವತ್ತು ತೆಂಗಿನ ಮರ ಇಟ್ಕೊಂಡು ಎಳನೀರು ಕುಡೀಬಾರ್ದು, ದಾರೆಹುಳಿ ಮುಟ್ಬಾರ್ದು. ಮೊನ್ನೆ ತೆಂಗಿನ ಮರ ನೋಡಿ ಸಲಾಂ ಹೇಳಿ ಒಳಗೆ ಬಂದ್ರು."

ನಗು ಬಂತು, ಬಂದ ಮೇಲೆ ನಗ್ಬಾರ್ದಿತ್ತು ಅಂತಲೂ ಅನ್ನಿಸಿತು, ಅಶ್ರಫನೇ ನಕ್ಕದ್ದರಿಂದ ಪರವಾಗಿಲ್ಲ.

ನಂಗೆ ಗೊತ್ತಿದ್ದ ಒಂದೇ ಒಂದು ವಿಷಯ ಹೇಳುವ ಅವಕಾಶಕ್ಕೆ ನಾನು ಆಗಿಂದ ಕಾಯ್ತಾ ಇದ್ದೆ, ಹೇಳಿಬಿಟ್ಟೆ. ಬಿಂಬುಳಿಗೂ ದಾರೆಹುಳಿಗೂ ಸೈನ್ಸಿನ ಮನೆತನದ ಹೆಸರು ಒಂದೇ, ಅವೆರೋವ. ಸ್ಪೇನಿನ ಕಾರ್ಡೋಬಾದಲ್ಲಿ 1126ರಲ್ಲಿ ಹುಟ್ಟಿದ ಇಬ್ನ್ ರುಶ್ದ್ ಅಂತ ದೊಡ್ಡ ತತ್ವಜ್ಞಾನಿ, ವೈದ್ಯ, ಯುರೋಪಿನವರ ಬಾಯಲ್ಲಿ ಅವೆರೋಸ್ ಆದ, ಅವನ ಹೆಸರನ್ನೇ ಈ ಮರಗಳಿಗೆ ಇಟ್ಟದ್ದು.

"ನೋಡಿದ್ರಾ," ವಸಂತಣ್ಣ ಸೆಟೆದು ಕೂತ, "ವೈದ್ಯರ ಹೆಸರಿನ ಮರ!"

"ಅದಕ್ಕೇ ಫೀಸು ಜಾಸ್ತಿ," ಅಂದ ವಿಲ್ಫಿ.

ಸುಮತಿಯಕ್ಕ ಇಷ್ಟು ಹೊತ್ತು ಬಾಗಿಲಲ್ಲಿ ಸೌಟು ಹಿಡ್ಕೊಂಡು ಕೇಳ್ತಾ ಇದ್ದವರು ಸೀದಾ ಬಂದು ಎರಡೂ ಬಾಟ್ಲಿ ಎತ್ಕೊಂಡ್ರು. "ನಮ್ಮ ಅತ್ತೆ ಬಿಂಬುಳಿ ಹಿಂಡಿ ಕಾಲುದೀಪ ತೊಳೀತಾ ಇದ್ರು. ಕಬ್ಬಿಣದ ಕಲೆ ಆದ ವೇಷ್ಟಿಗೂ ಇದೇ ತಿಕ್ಕುದು. ಇವರು ಅದನ್ನ ಕುಡಿಯಲಿಕ್ಕೆ ಅಂತ ನನ್ನ ಮಿಕ್ಸಿ ಹಾಳು ಮಾಡಿದ್ದಾರೆ." ಹೇಳಿ ಹೋದವರು ಹತ್ತು ನಿಮಿಷ ಬಿಟ್ಟು ದೇವರ ಕೋಣೆಯ ದೀಪ ತಂದು ನಮ್ಮ ಮಧ್ಯ ಇಟ್ರು. ಅರ್ಧ ತಿಕ್ಕಿದ್ದು, ಅರ್ಧ ತಿಕ್ಕದ್ದು. ತಿಕ್ಕದ ಬದಿ ವರ್ಷದ ಎಣ್ಣೆ ಜಿಡ್ಡಲ್ಲಿ ಕಪ್ಪು, ತಿಕ್ಕಿದ ಬದಿಯಲ್ಲಿ ವಸಂತಣ್ಣನ ಮುಖ ಕಾಣ್ತಿತ್ತು, ಸ್ವಲ್ಪ ಉದ್ದ ಆಗಿ. ವಸಂತಣ್ಣ ಅದನ್ನ ತುಂಬಾ ಹೊತ್ತು ನೋಡಿ ಹೊಟ್ಟೆ ಮೇಲೆ ಕೈ ಇಟ್ಕೊಂಡ.

ಸೋಮವಾರ ಬೆಳಿಗ್ಗೆ ಶೈಲಕ್ಕನೇ ಎಳ್ಕೊಂಡು ಹೋಗಿ ರಕ್ತ ಕೊಡಿಸಿದ್ರು. ಕ್ರಿಯಾಟಿನಿನ್ 0.9, ಎಂತ ತೊಂದ್ರೆ ಇಲ್ಲ. ಡಾಕ್ಟ್ರ ಮಾತ್ರೆ ಶುರುವಾಗಿದೆ, ಬಾವನ ಮಗನಿಗೆ ಮಾತ್ರ ಜ್ಯೂಸ್ ಕುಡೀತಿದ್ದೇನೆ ಅಂತಲೇ ಹೇಳಿದ್ದಾನಂತೆ, ಮಗುವಿಗೆ ಬೇಜಾರಾಗ್ಬಾರ್ದು ಅಂತ. ಆ ಮಗುವಿಗೆ ನಲ್ವತ್ತೆರಡು.

ಇವತ್ತು ಬೆಳಿಗ್ಗೆ ಪೇಪರ್ ತರ್ಲಿಕ್ಕೆ ಹೋದ್ರೆ ನಮ್ಮ ಗೇಟಿನ ಕೊಂಡಿಗೆ ಒಂದು ಚೀಲ ನೇತಾಡ್ತಾ ಇತ್ತು, ಒಳಗೆ ಎರಡು ಕಿಲೋ ಬಿಂಬುಳಿ, ತೊಟ್ಟು ಇನ್ನೂ ಹಸಿ. ಓಣಿಯ ಕೊನೆಯಲ್ಲಿ ಒಂದು ಕೊಡೆ ಬೇಗ ಬೇಗ ಹೋಗ್ತಾ ಇತ್ತು. ಕರೆದೆ, ತಿರುಗ್ಲಿಲ್ಲ. ನನ್ನ ಹೆಂಡತಿ ಆರು ಕಾಯಿ ಎಣಿಸಿ ತೆಗೆದು, ಬೂತಾಯಿ ತನ್ನಿ ಅಂತ ಹೇಳಿ, ಉಳಿದದ್ದನ್ನ ಅದೇ ಚೀಲದಲ್ಲಿ ಹಾಕಿ ಪಕ್ಕದ ಮನೆಯ ಗೇಟಿಗೆ ಸಿಕ್ಕಿಸಿ ಬಂದಳು.