ಸಹಾಯ ಬೇಕು: ಗ್ನೂ ಎಲ್‌ಡಿಯಲ್ಲಿ ಲಿಂಕ್ ಆಗುವ ಲೈಬ್ರರಿ ಎಲ್‌ಎಲ್‌ಡಿಯಲ್ಲಿ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಳೆಯ ಸಿ ಲೈಬ್ರರಿಯೊಂದನ್ನು ಜಿಸಿಸಿ ಕಂಪೈಲರ್‌ನಿಂದ ಕ್ಲ್ಯಾಂಗ್ ಕಂಪೈಲರ್‌ಗೆ ತರುತ್ತಿದ್ದೇನೆ. ಕಂಪೈಲ್ ಸಲೀಸಾಗಿ ಆಗುತ್ತದೆ. ಶೇರ್ಡ್ ಲೈಬ್ರರಿ ಲಿಂಕ್ ಮಾಡುವಾಗ ಎಲ್‌ಎಲ್‌ಡಿ (ಗ್ನೂ ಎಲ್‌ಡಿಯಂತೆಯೇ ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್) ತಕರಾರು ತೆಗೆಯುತ್ತದೆ: ವರ್ಷನ್ ಸ್ಕ್ರಿಪ್ಟ್‌ನಲ್ಲಿರುವ (ಲೈಬ್ರರಿಯ ಯಾವ ಹೆಸರುಗಳು ಹೊರಗೆ ಕಾಣಬೇಕು ಅಂತ ಹೇಳುವ ಫೈಲ್) ಸಿಂಬಲ್, ಅಂದರೆ ಫಂಕ್ಷನ್ ಹೆಸರು, ಎಲ್ಲೂ ಡಿಫೈನ್ ಆಗಿಲ್ಲ ಅಂತ.

ಕಾರಣ ಗೊತ್ತಾಗಿದೆ. ಸ್ಕ್ರಿಪ್ಟ್‌ನ ಗ್ಲೋಬಲ್ ಪಟ್ಟಿಯಲ್ಲಿ ಡೀಬಗ್ ಬಿಲ್ಡ್‌ನಲ್ಲಿ ಮಾತ್ರ ಇರುವ ಫಂಕ್ಷನ್‌ಗಳೂ ಇವೆ. ಗ್ನೂ ಎಲ್‌ಡಿ ಅವನ್ನು ಕಂಡೂ ಕಾಣದ ಹಾಗೆ ಬಿಟ್ಟುಬಿಡುತ್ತದೆ. ಎಲ್‌ಎಲ್‌ಡಿಯೂ ಮೊದಲು ಹಾಗೇ ಇತ್ತು. 16ನೇ ಆವೃತ್ತಿಯಿಂದ ಡಿಫಾಲ್ಟ್ ಬದಲಾಗಿ ಎರರ್ ಕೊಡುತ್ತದೆ. ನನ್ನನ್ನು ಕೇಳಿದರೆ ಎಲ್‌ಎಲ್‌ಡಿ ಮಾಡುವುದೇ ಸರಿ. ಹೆಸರಲ್ಲಿ ಒಂದಕ್ಷರ ತಪ್ಪಿದ್ದರೂ ಸಿಕ್ಕಿಬೀಳುತ್ತದೆ ಅಲ್ವಾ?

‘ಅನ್‌ಡಿಫೈನ್ಡ್-ವರ್ಷನ್’ ಫ್ಲಾಗ್ ಕೊಟ್ಟರೆ ಲಿಂಕ್ ಆಗುತ್ತದೆ. ಆದರೆ ಹಳೆಯ ಗ್ನೂ ಎಲ್‌ಡಿಗೆ ಆ ಫ್ಲಾಗೇ ಗೊತ್ತಿಲ್ಲ, ಅಲ್ಲಿ ಬಿಲ್ಡ್ ನಿಂತುಹೋಗುತ್ತದೆ. ಲಿಂಕರ್‌ಗೆ ಒಂದು ಫ್ಲಾಗ್ ಗೊತ್ತಿದೆಯೇ ಅಂತ ಪರೀಕ್ಷಿಸುವ ಮಾಡ್ಯೂಲ್ ನಾವು ಬಳಸುವ ಬಿಲ್ಡ್ ಟೂಲ್ ಸಿಮೇಕ್‌ನಲ್ಲಿ 3.18ರಿಂದ ಇದೆ, ನಮ್ಮ ಬಿಲ್ಡ್ ಸರ್ವರ್‌ನಲ್ಲಿರುವುದು ಅದಕ್ಕಿಂತ ಹಳೆಯದು.

ಆ ಸಿಂಬಲ್‌ಗಳನ್ನು ತೆಗೆದುಹಾಕಿ ಅಂತ ಸುಮ್ನೆ ಹೇಳಬೇಡಿ, ಡೀಬಗ್ ಬಿಲ್ಡ್‌ಗೆ ಅವು ಬೇಕೇ ಬೇಕು. ಬಿಲ್ಡ್‌ಗೆ ತಕ್ಕಂತೆ ವರ್ಷನ್ ಸ್ಕ್ರಿಪ್ಟನ್ನೇ ಜನರೇಟ್ ಮಾಡುವುದು ಒಳ್ಳೆಯದಾ, ಅಥವಾ ಹಳೆಯ ಸಿಮೇಕ್‌ನಲ್ಲೇ ಫ್ಲಾಗ್ ಪರೀಕ್ಷಿಸುವ ದಾರಿ ಇದೆಯಾ? ಮಾಡಿ ನೋಡಿದವರಿದ್ದರೆ ದಯವಿಟ್ಟು ಆ ಭಾಗದ ಕೋಡ್ ಇಲ್ಲಿ ಹಾಕಿ.