ಹಳೇ ಐ7 ತಗೊಳ್ಳಲಾ, ಹೊಸ ಐ3 ತಗೊಳ್ಳಲಾ? ಮನೆಗೂ ಆಫೀಸಿಗೂ ಒಂದೇ ಡೆಸ್ಕ್‌ಟಾಪ್

ಡೊಂಬಿವಲಿ ಲೆಕ್ಕಿಗ:
ನಮಸ್ಕಾರ. ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಗಿರಾಕಿಗಳಲ್ಲಿ ಹೆಚ್ಚಿನವರು ನಮ್ಮ ಊರ ಕಡೆಯ ಹೋಟೆಲಿನವರು. ದಿನವಿಡೀ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್. ಸಂಜೆ ಮಗಳ ಆನ್‌ಲೈನ್ ಟ್ಯೂಷನ್, ಭಾನುವಾರ ಅಮ್ಮನಿಗೆ ಯಕ್ಷಗಾನ. ಎಲ್ಲದಕ್ಕೂ ಒಂದೇ ಮಿಷನ್.

ಈಗ ಇರುವುದು ವಿಂಡೋಸ್ 10. ಅದರ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ತಿಂಗಳ 20ನೇ ತಾರೀಕು, ಜಿಎಸ್‌ಟಿ ರಿಟರ್ನ್ 3ಬಿ ತುಂಬುವ ಹೊತ್ತಿಗೆ ಸರಿಯಾಗಿ ಅದು ಮುಷ್ಕರ ಹೂಡುತ್ತದೆ. ಹೊಸದು ತೆಗೆದುಕೊಳ್ಳದೆ ಗತಿಯಿಲ್ಲ.

ಸ್ಟೇಷನ್ ಹತ್ತಿರದ ಅಂಗಡಿಯವನು ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಮಾಡಿ ಮಾರುವುದು) ತೋರಿಸಿದ: ಇಂಟೆಲ್ ಐ7 ಪ್ರೊಸೆಸರ್, 16 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಇನ್ನೊಬ್ಬ ಹೊಸತು ಜೋಡಿಸಿ ಕೊಡುತ್ತಾನಂತೆ: ಐ3-12100, 8 ಜಿಬಿ, 512 ಜಿಬಿ ಎಸ್‌ಎಸ್‌ಡಿ. ರೇಟು ಮೊದಲಿನದಕ್ಕಿಂತ ಡಬಲ್! ಐ7 ಬಿಟ್ಟು ಐ3ಗೆ ಜಾಸ್ತಿ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಏನು ನೋಡಬೇಕು ಹೇಳಿ. ಬಿಲ್ ಮಾತ್ರ ನನ್ನ ಜಿಎಸ್‌ಟಿ ನಂಬರಿಗೇ ಆಗಬೇಕು, 18% ತೆರಿಗೆಯ ಕ್ರೆಡಿಟ್ ಬಿಡುವವನಲ್ಲ.

ಲ್ಯಾಮಿಂಗ್ಟನ್ ರೋಡ್ ಹಳಬ:
ಐ7 ಅಂತ ಸ್ಟಿಕರ್ ನೋಡಿ ದುಡ್ಡು ಕೊಡಬೇಡಿ ಮಾರಾಯ್ರೇ. ಅದರ ಪೂರ್ತಿ ನಂಬರ್ ಕೇಳಿ. ಗೀಟಿನ ನಂತರ 4ರಿಂದ ಶುರುವಾಗಿ ನಾಲ್ಕೇ ಅಂಕಿ ಇದ್ದರೆ ನಾಲ್ಕನೇ ಜನರೇಷನ್. ಅಂದರೆ 2013-14ರ ಮಾಲು. ನಿಮ್ಮ ಐ3-12100 ಹನ್ನೆರಡನೆಯದು, 2022ರದು. ಆ ಹಳೇ ಐ7ಗೂ ಈ ಐ3ಗೂ ಕೋರ್ (ಒಳಗಿನ ಕೆಲಸದ ಘಟಕ) ನಾಲ್ಕೇ, ಥ್ರೆಡ್ (ಒಟ್ಟಿಗೆ ನಡೆಸುವ ಕೆಲಸದ ಸಾಲು) ಎಂಟೇ. ಆದರೆ ಒಂದೊಂದು ಕೋರ್ ಮಾಡುವ ಕೆಲಸದಲ್ಲಿ ಐ3 ಎಷ್ಟೋ ಮುಂದೆ. ಟ್ಯಾಲಿ, ಎಕ್ಸೆಲ್‌ಗೆ ಬೇಕಿರುವುದು ಅದೇ.

ಅದಕ್ಕಿಂತ ದೊಡ್ಡ ವಿಷಯ ವಿಂಡೋಸ್ 11. ಇಂಟೆಲ್ ಆದರೆ ಎಂಟನೇ ಜನರೇಷನ್ ಅಥವಾ ಆಮೇಲಿನದು ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ವ್ಯವಸ್ಥೆ ಬೇಕು. ಹಳೇ ಮಿಷನ್‌ಗೂ ಏನೋ ಉಪಾಯ ಮಾಡಿ ಹಾಕಿಕೊಡುವವರಿದ್ದಾರೆ. "ನೋಡಿ ಸಾರ್, ವಿಂಡೋಸ್ 11 ಓಡ್ತಿದೆ" ಅಂತಾರೆ. ಆದರೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಭರವಸೆ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬೇರೆಯವರ ಲೆಕ್ಕ ಇಟ್ಟುಕೊಳ್ಳುವ ನಿಮಗೆ ಅಂಥ ಮಿಷನ್ ಬೇಡವೇ ಬೇಡ.

ಅಂಗಡಿಯಲ್ಲೇ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ. ಪ್ರೊಸೆಸರ್ ಹೆಸರು, ರ್‍ಯಾಮ್ ಎಷ್ಟು, ಡಿಸ್ಕ್ ಯಾವ ಜಾತಿ, ಎಲ್ಲ ಅಲ್ಲೇ ಕಾಣುತ್ತದೆ. ಮಾತಾಡುವ ಅಗತ್ಯವೇ ಇಲ್ಲ.

ಹಾರ್ಡ್‌ಡಿಸ್ಕ್ ಮೇಲೆ ವಿಂಡೋಸ್ ಹಾಕುವ ಕಾಲ ಹೋಯಿತು. ನಿಮ್ಮ ಈಗಿನ ಮಿಷನ್ ಹ್ಯಾಂಗ್ ಆಗಲು ಬಹುಶಃ ಅದೇ ಕಾರಣ. ಹೊಸತರಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ (ತುಂಬಾ ವೇಗದ ಜಾತಿ) ಇರಲಿ. 8 ಜಿಬಿ ನಿಮಗೆ ಸಾಲದು, ಕ್ರೋಮ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಅದಕ್ಕೇ ಮುಗಿಯಿತು. 16 ಮಾಡಿಸಿ, ಎಂಟೆಂಟರ ಎರಡು ಸ್ಟಿಕ್. ರ್‍ಯಾಮ್ ರೇಟು ಈಚೆಗೆ ಏರಿದೆ, ಚೌಕಾಸಿ ಮಾಡಿ.

ಇನ್ನೊಂದು. 12100ರ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದೆ ಪರದೆ ಮೇಲೆ ಏನೂ ಬರುವುದಿಲ್ಲ. ಬಿಲ್‌ನಲ್ಲಿ ಪೂರ್ತಿ ನಂಬರ್ ಬರೆಸಿ.

ಕೊಥ್ರೂಡ್ ಕನ್ನಡಿಗ:
ಹಳಬರು ಹೇಳಿದ್ದು ಸರಿ. ಆದರೆ ರಿಫರ್ಬಿಶ್ಡ್ ಎಲ್ಲವೂ ಕಸ ಅಲ್ಲ. ಇಲ್ಲಿ ಪುಣೆಯಲ್ಲಿ ಐಟಿ ಕಂಪನಿಗಳು ಲೀಸ್ ಮುಗಿದ ಮೇಲೆ ಬಿಡುವ ಮಿಷನ್‌ಗಳು ಸಿಗುತ್ತವೆ. ಐ5-8500 ಇರುವ ಡೆಲ್ ಆಪ್ಟಿಪ್ಲೆಕ್ಸ್ ಥರದ್ದು. ಆರು ಕೋರ್, ವಿಂಡೋಸ್ 11 ನಿಯಮದ ಪ್ರಕಾರವೇ ಓಡುತ್ತದೆ. ದುಡ್ಡು ಬಿಗಿ ಇದ್ದರೆ ಅದಕ್ಕೆ ಹೊಸ ಎಸ್‌ಎಸ್‌ಡಿ ಹಾಕಿಸಿ, ಸಾಕು. ಸಣ್ಣ ಪೆಟ್ಟಿಗೆಯದ್ದಾದರೆ ಪವರ್ ಸಪ್ಲೈ ಕಂಪನಿಯದ್ದೇ ಅಳತೆ. ಕೆಟ್ಟರೆ ಹುಡುಕಿ ಅಲೆಯಬೇಕು, ಅದೊಂದು ಗೋಳು.

ಮುಲುಂಡ್ ಅಕ್ಕ:
ಎಲ್ಲರೂ ಡಬ್ಬದ ಒಳಗಿನದ್ದೇ ಹೇಳಿದಿರಿ, ಹೊರಗಿನದು ಯಾರೂ ಹೇಳಲಿಲ್ಲ. ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್, ಪ್ರಿಂಟರ್, ಕೀಬೋರ್ಡ್, ಮೌಸ್, ಪೆನ್‌ಡ್ರೈವ್, ಮಗಳ ವೆಬ್‌ಕ್ಯಾಮ್. ಯುಎಸ್‌ಬಿ ಪೋರ್ಟ್ ಎಷ್ಟಿವೆ ಎಣಿಸಿ, ಎರಡಾದರೂ ಮುಂದೆ ಇರಲಿ. ಪ್ರತಿ ಸಲ ಮೇಜಿನಡಿ ಬಗ್ಗಲು ಆಗುತ್ತಾ?

ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋಗುವುದು ಗೊತ್ತೇ ಇದೆ. ಯುಪಿಎಸ್ ಇಲ್ಲದೆ ಟ್ಯಾಲಿ ತೆರೆದಿರಬೇಡಿ, ಡೇಟಾ ಕೆಡುತ್ತದೆ. 600 ವಿಎ ಸಾಕು, ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು ಸಿಗುತ್ತದೆ. ಲೇಸರ್ ಪ್ರಿಂಟರ್ ಮಾತ್ರ ಅದಕ್ಕೆ ಸಿಕ್ಕಿಸಬೇಡಿ. ಮಗಳಿಗೆ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ, ಅಡ್ಮಿನ್ ಅಲ್ಲದ್ದು. ಗಿರಾಕಿಗಳ ಫೈಲು, ಹತ್ತನೇ ಕ್ಲಾಸಿನ ಹುಡುಗಿಯ ಡೌನ್‌ಲೋಡು ಒಂದೇ ಕಡೆ ಇರುವುದು ಬೇಡ.

ಡೊಂಬಿವಲಿ ಲೆಕ್ಕಿಗ:
ಅಂಗಡಿಗೆ ಹೋಗಿ ನೋಡಿದೆ. ಐ7-4790! ಹಳೇ ಕಾಲದ ಡಿಡಿಆರ್3 ರ್‍ಯಾಮ್ ಬೇರೆ. ಕೈಮುಗಿದು ಬಂದೆ. ಐ3ಗೇ 16 ಜಿಬಿ ಹಾಕಿಸಿ ಕೊಟೇಶನ್ ಕೇಳಿದ್ದೇನೆ. ಹಳಬರೇ, ಮುಂಬೈಯ ಕಂಪ್ಯೂಟರ್ ಬಜಾರು ಲ್ಯಾಮಿಂಗ್ಟನ್ ರೋಡಿನಲ್ಲಿ ಕಡಿಮೆಗೆ ಸಿಗುತ್ತದಾ?

ಲ್ಯಾಮಿಂಗ್ಟನ್ ರೋಡ್ ಹಳಬ:
ಸ್ವಲ್ಪ ಕಡಿಮೆ ಸಿಗಬಹುದು. ಆದರೆ ವಾರಂಟಿಗೆಂದು ಪೆಟ್ಟಿಗೆ ಹೊತ್ತು ದಾದರ್‌ನಲ್ಲಿ ಇಳಿದು, ವೆಸ್ಟರ್ನ್ ಲೈನ್ ಹಿಡಿದು ಇಲ್ಲಿನ ಸ್ಟೇಷನ್ ಗ್ರಾಂಟ್ ರೋಡಿಗೆ ಬರಬೇಕು. ಆಗಲಿಕ್ಕಿಲ್ಲ. ವ್ಯತ್ಯಾಸ ಒಂದೆರಡು ಸಾವಿರ ಆದರೆ ಡೊಂಬಿವಲಿಯಲ್ಲೇ ತೆಗೆದುಕೊಳ್ಳಿ. ಪ್ರೊಸೆಸರ್ ಡಬ್ಬ ಎದುರಿಗೇ ಒಡೆಸಿ. ಸೀಲ್ ಇರುವ ಡಬ್ಬದ್ದಾದರೆ ಇಂಟೆಲ್‌ನದೇ ಮೂರು ವರ್ಷ ವಾರಂಟಿ.