‘ಸೂಚಿಪರ್ಣ’, ‘ಶಂಕುಧಾರಿ’ ಮತ್ತು ಸರ್ವೆ ಮರ

ಪೈನ್, ದೇವದಾರು, ಸೈಪ್ರೆಸ್ ಮೊದಲಾದ ಮರಗಳ ವರ್ಗವನ್ನು ನಾವು ಕನ್ನಡದಲ್ಲಿ ‘ಸೂಚಿಪರ್ಣ’ (ಸೂಜಿಯಂಥ ಎಲೆಯುಳ್ಳದ್ದು) ಎಂದೋ, ಲ್ಯಾಟಿನ್ ಮೂಲದ ‘ಕೋನಿಫರ್’ ಪದವನ್ನು ಅನುವಾದಿಸಿ ‘ಶಂಕುಧಾರಿ’ (ಶಂಕುವಿನಾಕಾರದ ಕಾಯಿ ಹೊತ್ತದ್ದು) ಎಂದೋ ಬರೆಯುತ್ತೇವೆ. ಮಕ್ಕಳಿಗಾಗಿ ಮರಗಳ ಪರಿಚಯ ಬರೆಯುತ್ತಿರುವ ನನಗೆ ಈ ಎರಡೂ ಪದಗಳು ತೊಡಕಾಗಿವೆ. ಕನ್ನಡ ನಾಡಿನ ಮಗು ಕಂಡಿರುವ ಮರಗಳಲ್ಲಿ ಇವೆರಡೂ ಚೆನ್ನಾಗಿ ಒಪ್ಪುವುದು ಸರ್ವೆಗೆ, ಅಂದರೆ ಕಾರವಾರದ ಕಡಲತೀರದಲ್ಲಿ ಸಾಲಾಗಿ ನಿಂತಿರುವ ಗಾಳಿಮರಕ್ಕೆ. ಅದಾದರೋ ಕೋನಿಫರ್ ಅಲ್ಲ, ಹೂಬಿಡುವ ಸಸ್ಯಗಳ ಗುಂಪಿನದು.

ಸರ್ವೆಯ ‘ಸೂಜಿ’ ಎಲೆಯಲ್ಲ, ಹಸಿರು ಕಿರುರೆಂಬೆ. ಅದನ್ನು ಮೆಲ್ಲಗೆ ಎಳೆದರೆ ಗೆಣ್ಣುಗೆಣ್ಣಾಗಿ ಕಳಚಿಕೊಳ್ಳುತ್ತದೆ. ಪ್ರತಿ ಗೆಣ್ಣಿನ ಸುತ್ತ ಹಲ್ಲಿನಂತೆ ಕಾಣುವ ಏಳೆಂಟು ಸಣ್ಣ ಹುರುಪೆಗಳೇ ಅದರ ನಿಜವಾದ ಎಲೆಗಳು. ಶಂಕುವಿನಂತಿರುವ ಅದರ ಗಟ್ಟಿ ಕಾಯಿಯೂ ಕೆಂಪು ಹೆಣ್ಣುಹೂಗಳ ಗೊಂಚಲಿನಿಂದ ಆದದ್ದು. ಕಾಯಿ ಬಾಯಿ ಬಿಟ್ಟಾಗ ಉದುರುವ ರೆಕ್ಕೆಯ ತುಣುಕಿನೊಳಗೆ ಬೀಜವು ಮುಚ್ಚಿಕೊಂಡಿರುತ್ತದೆ. ಪೈನ್ ಮರದಲ್ಲಿ ಸೂಜಿಯೇ ಎಲೆ, ಮತ್ತು ಬೀಜವು ಅಂಡಾಶಯದ ಹೊದಿಕೆಯಿಲ್ಲದೆ ಶಂಕುವಿನ ಹುರುಪೆಯ ಮೇಲೆ ಬರಿದಾಗಿ ಕುಳಿತಿರುತ್ತದೆ.

ಸರ್ವೆಗೆ ತದ್ವಿರುದ್ಧವಾಗಿ, ದಕ್ಷಿಣ ಭಾರತದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ಏಕೈಕ ಕೋನಿಫರ್ ಆದ ನಾಗೇಯ ವಾಲಿಚಿಯಾನಾಕ್ಕೆ ನಡುನರವಿಲ್ಲದ ಅಗಲವಾದ ಎಲೆಗಳಿವೆ, ಬೀಜಕ್ಕೆ (ಅಂಡಾಶಯದ್ದಲ್ಲದ) ತಿರುಳಿನ ಹೊದಿಕೆಯಿದೆ, ಮರಗಟ್ಟಿದ ಶಂಕುವೇ ಇಲ್ಲ. ನಮ್ಮದೇ ನೆಲದ ಕೋನಿಫರನ್ನು ಹೊರಗಿಟ್ಟು ಸರ್ವೆಯನ್ನು ಒಳಗೆ ಕರೆಯುವ ಪದಗಳನ್ನು ಪಾಠದಲ್ಲಿ ಬಳಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ‘ಅನಾವೃತಬೀಜ’ (ಅಂಡಾಶಯದ ಹೊದಿಕೆಯಿಲ್ಲದ ಬೀಜದ್ದು) ಎನ್ನೋಣವೆಂದರೆ ಅದು ಸೈಕಸ್‌ನಂಥ ಗಿಡಗಳನ್ನೂ ಒಳಗೊಳ್ಳುವ ದೊಡ್ಡ ಗುಂಪಿನ ಹೆಸರು. ಸದ್ಯಕ್ಕೆ ‘ಕೋನಿಫರ್’ ಎಂದೇ ಉಳಿಸಿಕೊಂಡು, ಮೊದಲ ಬಳಕೆಯಲ್ಲಿ ‘ಹೂವಿಲ್ಲದೆ ಬೀಜ ಕಟ್ಟುವ ಮರಗಳಲ್ಲಿ ಒಂದು ವರ್ಗ’ ಎಂದು ವಿವರಿಸುವುದೇ ಸರಿಯೆಂದು ನನಗೆ ತೋರುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆಯಿದೆ. ಪಾರಸಿಯಲ್ಲಿ ‘ಸರ್ವ್’ ಎಂದರೆ ಸೈಪ್ರೆಸ್, ಅಂದರೆ ನಿಜವಾದ ಕೋನಿಫರ್. ಮರಾಠಿಯಲ್ಲಿ ‘ಸುರು’ ಎಂದರೆ ಗಾಳಿಮರ. ನಮ್ಮ ‘ಸರ್ವೆ’ಯೂ ಅದೇ ಪಾರಸಿ ಪದದಿಂದ, ಹೊರನೋಟದ ಹೋಲಿಕೆಯ ಬಲದಿಂದ, ಈ ಮರಕ್ಕೆ ಬಂದು ಅಂಟಿರಬಹುದೆಂಬುದು ನನ್ನ ಊಹೆ. ‘ಸರ್ವೆ’ ಎಂಬ ಪದವನ್ನು ಗಾಳಿಮರಕ್ಕಲ್ಲದೆ ಸೈಪ್ರೆಸ್ ಜಾತಿಯ ಮರಕ್ಕೆ ಬಳಸಿದ ಹಳೆಯ ಕನ್ನಡ ಪ್ರಯೋಗವನ್ನು ಕಂಡವರಿದ್ದರೆ, ಆ ವಾಕ್ಯವನ್ನು ದಯವಿಟ್ಟು ಇದ್ದಂತೆಯೇ ಉದ್ಧರಿಸಿ ತಿಳಿಸಬೇಕಾಗಿ ಕೋರುತ್ತೇನೆ.